ಗಾಜಿನ ಕಡಲಿಗೂ ಬಂತು ಬಳ್ಳಾರಿ ಜಾಲಿ

ಕೊಟ್ಟೂರಿನಲ್ಲಿರುವ ನಮ್ಮಕ್ಕನ ಮನೆಯಲ್ಲಿ ಹೋದ ತಿಂಗಳು ಸುಣ್ಣದ ಡಬ್ಬಿ ಕಾಣೆಯಾಯಿತು. ಅಕ್ಕನ ಅತ್ತೆಗೆ ಎಂಬತ್ತು ದಾಟಿದೆ. ಅಡಿಕೆ ಮುಗಿದಿದ್ದರೆ ಪಕ್ಕದ ಮನೆಯಲ್ಲಿ ಇಸಿದುಕೊಂಡಾರು, ಎಲೆ ಬಾಡಿದ್ದರೆ ನೀರು ಚಿಮುಕಿಸಿಕೊಂಡಾರು. ಡಬ್ಬಿಯೇ ಇಲ್ಲವೆಂದರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಎಲ್ಲರ ಅನುಮಾನವೂ ಒಬ್ಬನ ಮೇಲೆಯೇ ಹೋಯಿತು: ಪಡಸಾಲೆಯಲ್ಲಿ ಕಡಲು ಇಟ್ಟುಕೊಂಡಿರುವ ಮೊಮ್ಮಗನ ಮೇಲೆ.

ಕಡಲು ಅಂದದ್ದು ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಈ ಹುಡುಗ ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ 120 ಲೀಟರ್ ಸಮುದ್ರವನ್ನು ಸಾಕಿದ್ದಾನೆ. ಕಾರವಾರದ ತೀರಕ್ಕೂ ಕೊಟ್ಟೂರಿಗೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಇನ್ನೂರು ಕಿಲೋಮೀಟರಿಗೆ ಮೇಲಾಗುತ್ತದೆ. ಆದ್ದರಿಂದ ಕಡಲನ್ನು ಇಲ್ಲೇ ಮಾಡಿಕೊಳ್ಳಬೇಕು. ಲೀಟರಿಗೆ 35 ಗ್ರಾಂ ಉಪ್ಪು ಅಂದರೆ 120 ಲೀಟರಿಗೆ ನಾಲ್ಕು ಕಿಲೋ ಇನ್ನೂರು ಗ್ರಾಂ. ಅಡಿಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಗೆ ತಕ್ಕಂತೆ ಬೆರೆತ ಸಮುದ್ರದ ಉಪ್ಪೇ ಆಗಬೇಕು.

ನನಗೆ ನಗು ಬಂದದ್ದು ಉಪ್ಪಿಗಲ್ಲ, ನೀರಿಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಸೀಮೆಯ ಯಾವ ಹಳ್ಳಿಗೆ ಹೋದರೂ ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ಕೊಳವೆಬಾವಿಯ ನೀರು ಎಷ್ಟೋ ಕಡೆ ಬಾಯಿಗಿಡಲಾಗದಷ್ಟು ಉಪ್ಪು, ಮೇಲಿಷ್ಟು ಫ್ಲೋರೈಡ್. ಉಪ್ಪು ಹೋಗಲಿ ಎಂದು ಊರಿಗೆ ಊರೇ ಸಾಲು ನಿಂತು ನೀರು ತಂದುಕೊಂಡರೆ, ನಮ್ಮ ಹುಡುಗ ಅದೇ ನೀರನ್ನು ಮನೆಗೆ ತಂದು ಅದಕ್ಕೆ ಮುಷ್ಟಿ ಮುಷ್ಟಿ ಉಪ್ಪು ಸುರಿಯುತ್ತಾನೆ. ಅವನ ಅಜ್ಜಿ ಮೊದಲ ದಿನ ಇದನ್ನು ನೋಡಿ ಏನೂ ಮಾತಾಡಲಿಲ್ಲವಂತೆ. ಬೆಂಗಳೂರಿಗೆ ಕಳಿಸಿದ್ದೇ ತಪ್ಪಾಯಿತು ಎಂದು ಸೊಸೆಯ ಹತ್ತಿರ ಆಮೇಲೆ ಹೇಳಿದರಂತೆ.

ನಮ್ಮ ಬಿಸಿಲು ಬೇರೆ. ಈ ತೊಟ್ಟಿಯ ನೀರು ಇಪ್ಪತ್ತೈದು ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಏಪ್ರಿಲಿನಲ್ಲಿ ಕೊಟ್ಟೂರಿನ ಗಾಳಿ ನಲವತ್ತು ಮುಟ್ಟುತ್ತದೆ. ನೀರಿನ ಮೇಲೆ ಫ್ಯಾನು ಬೀಸಿದರೆ ತಂಪೇನೋ ಆಗುತ್ತದೆ, ಆದರೆ ನೀರು ಆವಿಯಾಗುತ್ತದೆ. ಆವಿಯಾಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಸಿಹಿನೀರು ಸುರಿದು ಮಟ್ಟ ಸರಿಮಾಡಬೇಕು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ತುಂಗಭದ್ರಾ ಎಡದಂಡೆಯ ಗಂಗಾವತಿ, ಸಿಂಧನೂರು ಕಡೆಯ ಸವಳು ಭೂಮಿ. ಅಲ್ಲಿಯೂ ಆದದ್ದು ಇದೇ. ಕಾಲುವೆ ನೀರು ಕುಡಿಸಿ ಕುಡಿಸಿ, ನೀರು ಬಿಸಿಲಿಗೆ ಹೋಗಿ, ಉಪ್ಪು ನೆಲದ ಮೇಲೆ ಬೆಳ್ಳಗೆ ಹೂತು ಕುಳಿತದ್ದು. ಇರಲಿ, ಅದು ಬೇರೆಯೇ ಕಥೆ.

ನೀರು ತುಂಬಿಸಿದ ಮೇಲೂ ಐದು ವಾರ ಮೀನು ಬಿಡದೆ ಕಾದ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ತಿಂದು ಅರಗಿಸುವ ಬ್ಯಾಕ್ಟೀರಿಯ ಕಲ್ಲುಗಳ ಮೇಲೆ ನೆಲೆಯೂರಲು ಅಷ್ಟು ದಿನ ಬೇಕಂತೆ. ಹೊಸ ರೊಟ್ಟಿ ಹಂಚನ್ನು ಪಳಗಿಸುವ ಹಾಗೆ. ಹುಡುಗನ ತಾಳ್ಮೆ ಕಂಡು ಭೇಷ್ ಅನ್ನಿಸಿತ್ತು. ಕಲ್ಲೂ ಸಮುದ್ರದ್ದಲ್ಲ, ಕೈಯಲ್ಲಿ ಮಾಡಿದ್ದು. ನಮ್ಮ ದೇಶದಲ್ಲಿ ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ. ಅದೇ ಪಟ್ಟಿಯಲ್ಲಿ ಹುಲಿಯೂ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದು ಹವಳ ನೋಡಿ ಬರಬಹುದು, ಮುರಿದು ತರುವ ಹಾಗಿಲ್ಲ. ಆದ್ದರಿಂದ ಇವನ ತೊಟ್ಟಿಯಲ್ಲಿದ್ದದ್ದು ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು ಮತ್ತು ಅಂಗಿ ಗುಂಡಿಯ ಗಾತ್ರದ ಜೋಆಂಥಿಡ್ ಎಂಬ ಮೆತ್ತನೆಯ ಜೀವಿಗಳ ಒಂದು ತುಂಡು. ಅದನ್ನು ಬೆಂಗಳೂರಿನಲ್ಲಿ ಇದೇ ಹವ್ಯಾಸದ ಸ್ನೇಹಿತನೊಬ್ಬ ಕೊಟ್ಟಿದ್ದ.

ಬೇಡದ ಅತಿಥಿ ಬಂದದ್ದು ಈ ತುಂಡಿನ ಅಡಿಯಲ್ಲಿ.

ಮೊದಲು ಅದೊಂದು ಚುಕ್ಕೆ. ವಾರದಲ್ಲಿ ಕಿರುಬೆರಳ ಉಗುರಿನಷ್ಟಾಯಿತು. ಕಂದುಬಣ್ಣದ, ಗಾಜಿನ ಹಾಗೆ ಆಚೆ ಕಾಣುವ ಕಾಂಡ. ತುದಿಯಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡ ಬೆರಳುಗಳು. ನೀರು ಅಲುಗಿದ ಕಡೆಗೆ ಅವೂ ಅಲುಗುತ್ತವೆ. ಕಡಲ ಹೂವು! ಕ್ಲೌನ್ ಮೀನಿಗೂ ಕಡಲ ಹೂವಿಗೂ ಇರುವ ಗೆಳೆತನವನ್ನು ಸಿನಿಮಾದಲ್ಲಿ ನೋಡಿದವನೇ ತಾನೆ, ಹುಡುಗ ಹಿಗ್ಗಿದ. "ಮಾಮ, ದುಡ್ಡು ಕೊಟ್ರೂ ಸಿಗದಿರೋದು ಬಿಟ್ಟಿ ಬಂದೈತೆ ನೋಡು" ಎಂದು ನನಗೆ ಫೋಟೋ ಕಳಿಸಿದ. ನನಗೂ ಚೆಂದವೇ ಕಂಡಿತು.

ಅದರ ಹೆಸರು ಐಪ್ಟೇಸಿಯಾ. ಮೀನುಗಳು ಗೆಳೆತನ ಮಾಡುವ ದೊಡ್ಡ ಕಡಲ ಹೂವುಗಳಿಗೆ ಇದು ದೂರದ ದಾಯಾದಿ. ಕ್ಲೌನ್ ಮೀನು ಇದರತ್ತ ತಿರುಗಿಯೂ ನೋಡಲಿಲ್ಲ. ಇದರ ಬೆರಳುಗಳಲ್ಲಿ ಕುಟುಕು ಕಣಗಳಿವೆ. ತಾಗಿದರೆ ಪಕ್ಕದ ಜೀವಿ ಸುಟ್ಟ ಹಾಗೆ ಮುದುಡಿ ಹಿಂದೆ ಸರಿಯುತ್ತದೆ, ಆ ಜಾಗ ಇದಕ್ಕೆ. ಎರಡು ಮೂರಾಗಿ, ಮೂರು ನಾಲ್ಕಾಗಿ, ಜೋಆಂಥಿಡ್‌ಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದಾಗ ಹುಡುಗನಿಗೆ ಎಚ್ಚರವಾಯಿತು. ಕಲ್ಲನ್ನು ಹೊರಗೆ ತೆಗೆದು, ಬ್ಲೇಡಿನಿಂದ ನಾಲ್ಕನ್ನೂ ಹೆರೆದು, ಮತ್ತೆ ತೊಟ್ಟಿಯ ನೀರಿನಲ್ಲೇ ಅದ್ದಿ ತೊಳೆದು ಇಟ್ಟ. ಹೆರೆಯುವಾಗ ಅವು ಬಿಳಿಯ ನೂಲಿನಂಥ ಎಳೆಗಳನ್ನು ಮೈಯಿಂದ ಹೊರಹಾಕಿದವಂತೆ. ಅದೂ ಕುಟುಕುವ ನೂಲೇ.

ಎರಡು ವಾರ ಕಳೆದು ಎಣಿಸಿದರೆ ಹತ್ತೊಂಬತ್ತು.

ಅವನು ಗಾಬರಿಯಿಂದ ಫೋನು ಮಾಡಿ ಇದನ್ನು ಹೇಳುತ್ತಿದ್ದರೆ ನನಗೆ ನನ್ನ ಹೊಲ ಕಣ್ಣಮುಂದೆ ಬಂತು. ಉಜ್ಜಿನಿ ರಸ್ತೆಯಲ್ಲಿ ನಮ್ಮದು ಮೂರೆಕರೆ ಮಸಾರಿ ಇದೆ. ಹಳ್ಳದ ಕಡೆಯ ಬದುವಿನಲ್ಲಿ ಬಳ್ಳಾರಿ ಜಾಲಿ ಎದ್ದಿತ್ತು. ಒಂದು ಬೇಸಿಗೆ ಆಳು ಹಚ್ಚಿ ಕೊಡಲಿಯಲ್ಲಿ ಕಡಿಸಿದೆ. ಸೌದೆಗೆ ಸೌದೆಯೂ ಆಯಿತು, ಹೊಲ ಹಸನೂ ಆಯಿತು ಎಂದು ಬೀಗಿದೆ. ಮೊದಲ ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಒಂದೊಂದು ಮೋಟಿನಿಂದಲೂ ಐದಾರು ಚಿಗುರು. ಮುಂಚೆ ಒಂದು ಮರ ಇದ್ದ ಕಡೆ ಈಗ ಒಂದು ಪೊದೆ. ಮುಂಚೆ ಬಗ್ಗಿ ಕೆಳಗೆ ಹಾಯಬಹುದಿತ್ತು, ಈಗ ಹಾಯುವ ಹಾಗೂ ಇಲ್ಲ. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ಕೂತು ಬೀಡಿ ಹಚ್ಚಿಕೊಳ್ಳುತ್ತ, "ಮೇಷ್ಟ್ರೇ, ಜಾಲಿ ತಲಿ ಬೋಳಿಸಿದ್ರಿ. ತಲಿ ಬೋಳಿಸಿದ್ರೆ ಕೂದ್ಲು ದಟ್ಟ ಬರೋದು" ಎಂದಿದ್ದರು.

ಜಾಲಿಯ ಜೀವ ಇರುವುದು ನಾವು ಕಡಿಯುವ ಜಾಗದ ಕೆಳಗೆ, ಮಣ್ಣಿನೊಳಗೆ ಹುದುಗಿದ ಬುಡದಲ್ಲಿ. ಐಪ್ಟೇಸಿಯಾದ ಜೀವವೂ ಹಾಗೆಯೇ ಪಾದದಲ್ಲಿ. ಅದು ಕಲ್ಲಿನ ಮೇಲೆ ಮೆಲ್ಲಗೆ ಜರುಗುತ್ತ ಹೋಗುವಾಗ ಪಾದದ ಚೂರುಗಳನ್ನು ಹಿಂದೆ ಬಿಡುತ್ತ ಹೋಗುತ್ತದೆ. ಒಂದೊಂದು ಚೂರೂ ಕೆಲವೇ ದಿನಗಳಲ್ಲಿ ಬೆರಳು ಮೂಡಿಸಿಕೊಂಡು ಹೂವಾಗುತ್ತದೆ. ಯಾರ ನೆರವೂ ಬೇಡದ ಇಂಥ ವಂಶಕ್ಕೆ ಬ್ಲೇಡು ಹಿಡಿದ ನಮ್ಮ ಹುಡುಗ ಕೈಯಾರೆ ನೆರವಾಗಿದ್ದ. ಹೆರೆದು ಚೂರು ಮಾಡಿದ್ದಲ್ಲದೆ, ಅದೇ ನೀರಿನಲ್ಲಿ ತೊಳೆದು ತೊಟ್ಟಿಯ ಮೂಲೆಮೂಲೆಗೂ ಬಿತ್ತಿದ್ದ. ಜೇಕು ಬಿದ್ದ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಿ ಗಡ್ಡೆಗಳನ್ನು ಈ ತುದಿಯಿಂದ ಆ ತುದಿಗೆ ಹರಡಿಕೊಂಡವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕೇಳಿದ್ದರೆ ಹೇಳುತ್ತಿದ್ದರು.

ಬಳ್ಳಾರಿ ಜಾಲಿಯ ಹೆಸರಿನ ವಿಷಯ ಬಂದಾಗಲೆಲ್ಲ ನನಗೆ ಸಣ್ಣ ಸಂಕಟ. ಮರ ನಮ್ಮದಲ್ಲ. ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯದು. 1877ರ ಸುಮಾರಿಗೆ ಮದರಾಸು ಪ್ರಾಂತ್ಯದ ಅರಣ್ಯದವರು ಜಮೈಕಾದ ಬೀಜ ತರಿಸಿ ಕಡಪ ಸೀಮೆಯಲ್ಲಿ ಊರಿದರು. ಸೌದೆ ಸಿಗಲಿ, ಬರಡು ನೆಲ ಹಸಿರಾಗಲಿ ಎಂಬ ಒಳ್ಳೆಯ ಉದ್ದೇಶವೇ. ಕಡಪ, ಬಳ್ಳಾರಿ ಎರಡೂ ಆಗ ಅದೇ ಪ್ರಾಂತ್ಯದ ದತ್ತ ಮಂಡಲದ ಜಿಲ್ಲೆಗಳು. ಮಳೆ ಇಲ್ಲದ, ಕಲ್ಲು ಮಟ್ಟಿಯ ಈ ನೆಲ ಮರಕ್ಕೆ ತವರಿಗಿಂತ ಚೆನ್ನಾಗಿ ಒಗ್ಗಿತು. ಬೇರು ಅದೆಷ್ಟು ಆಳ ಇಳಿಯುತ್ತದೆಂದರೆ ಅಮೆರಿಕದ ಅರಿಜೋನಾದಲ್ಲಿ ಗಣಿ ತೋಡುವಾಗ ಇದೇ ಕುಲದ ಮರದ ಬೇರು 53 ಮೀಟರ್ ಕೆಳಗೆ ಸಿಕ್ಕಿತ್ತು. ನಮ್ಮ ಕೊಳವೆಬಾವಿಗಳಿಗೆ ಪೈಪೋಟಿ! ಅದಕ್ಕೆ ಬಳ್ಳಾರಿ ಜಾಲಿ ಎಂಬ ಹೆಸರು ಅಂಟಿತು. ಆಮೇಲೆ ನಮ್ಮ ಕಡೆ ಜಿಲ್ಲೆಯ ಗಡಿಗಳೇ ಬದಲಾದವು: ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕ ಕಳೆದು ಬಳ್ಳಾರಿಗೆ ಮರಳಿತು. 2021ರಲ್ಲಿ ನಮ್ಮ ಐದೂ ಸೀಮೆಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಬೋರ್ಡುಗಳೆಲ್ಲ ಬದಲಾದವು, ಜಾಲಿ ಮಾತ್ರ ಬಳ್ಳಾರಿಯದಾಗಿಯೇ ಉಳಿಯಿತು. ಇದರದೇ ದಾಯಾದಿ ನಮ್ಮ ಸ್ವಂತ ಮರ ಬನ್ನಿ. ಅದಕ್ಕೆ ವಿಜಯದಶಮಿಯ ದಿನ ಪೂಜೆ ಮಾಡಿ, ಎಲೆ ಹಂಚಿ, ಬಂಗಾರ ಅನ್ನುತ್ತೇವೆ. ಹುಡುಕಿದರೆ ಊರಿಗೊಂದೋ ಎರಡೋ ಸಿಗುತ್ತವೆ.

ಬಳ್ಳಾರಿ ಜಾಲಿ ಹೊಲಕ್ಕೆ ಬರುವ ದಾರಿಯನ್ನು ನೋಡಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ತಂಗಿಸುತ್ತೇವೆ, ಗೊಬ್ಬರಕ್ಕೆ. ಕುರುಬರಿಗೆ ಕಾಳು ಕೊಟ್ಟೋ ದುಡ್ಡು ಕೊಟ್ಟೋ ಕರೆತರುತ್ತೇವೆ. ಮೇವಿಲ್ಲದ ಆ ದಿನಗಳಲ್ಲಿ ಕುರಿಗಳಿಗೆ ಸಿಗುವ ಸಿಹಿ ತಿನಿಸು ಜಾಲಿಯ ಕಾಯಿ. ಕಾಯಿಯ ತಿರುಳು ಕುರಿಗೆ ಅರಗುತ್ತದೆ, ಗಟ್ಟಿ ಬೀಜ ಹಾಗೆಯೇ ಹಿಕ್ಕೆಯಲ್ಲಿ ಬೀಳುತ್ತದೆ. ಗೊಬ್ಬರದ ಸಮೇತ ಊರಿದ ಬೀಜ. ಮಳೆ ಬಂದದ್ದೇ ತಡ, ಎರಡೆಲೆ. ನಾವು ಬೇಕೆಂದು ಬೇಡಿ ತಂದದ್ದರ ಹೊಟ್ಟೆಯಲ್ಲೇ ಬೇಡದ್ದು ಬಂದಿರುತ್ತದೆ. ಜೋಆಂಥಿಡ್ ತುಂಡಿನ ಅಡಿಯಲ್ಲಿ ಐಪ್ಟೇಸಿಯಾ ಬಂದ ಹಾಗೆ. ಸ್ನೇಹಿತ ಬೇಕೆಂದು ಕೊಟ್ಟದ್ದಲ್ಲ, ಅವನಿಗೆ ಕಂಡಿರಲೂ ಇಲ್ಲ.

ಮುಂದಿನ ಭಾನುವಾರ ಕೊಟ್ಟೂರಿಗೆ ಹೋದೆ. ಪಡಸಾಲೆಯಲ್ಲಿ ಸಭೆ ಸೇರಿತ್ತು. ಅಜ್ಜಿಯದು ನೇರ ಸಲಹೆ: "ಆ ಕಲ್ಲನ್ನ ತೆಗದು ಕುದಿಯೋ ನೀರಾಗೆ ಹಾಕು. ಹಾಲಿನ ಪಾತ್ರಿ ಬೇಯಿಸಲ್ವಾ, ಹಂಗೆ." ನನಗೂ ಅದೇ ಸರಿ ಅನ್ನಿಸಿತು. ಹುಡುಗ ಬೆಚ್ಚಿಬಿದ್ದು ಬೇಡವೇ ಬೇಡ ಎಂದ. ಅವನು ಹೇಳಿದ್ದು ಕೇಳಿ ನಾನೂ ಬೆಚ್ಚಿದೆ. ಜೋಆಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿದ ಇದು ಜೀವಿಗಳಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಒಂದು. ಇವು ಅಂಟಿಕೊಂಡ ಕಲ್ಲನ್ನು ಕುದಿಸಿದರೆ, ಬಿಸಿನೀರು ಸುರಿದು ಉಜ್ಜಿದರೆ, ವಿಷ ಹಬೆಯ ಜೊತೆ ಗಾಳಿಗೆ ಏಳುತ್ತದೆ. ಹಾಗೆ ಮಾಡಿ ಮನೆಮಂದಿಯೆಲ್ಲ ಉಸಿರು ಕಟ್ಟಿ ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ಆಗಿವೆ. ಬ್ಲೇಡಿನಿಂದ ಹೆರೆದ ದಿನ ಬರಿಗೈಯಲ್ಲಿ ಹೆರೆದಿದ್ದನಂತೆ, ಆಮೇಲೆ ಓದಿ ಗೊತ್ತಾಗಿ ಒಂದು ರಾತ್ರಿ ನಿದ್ದೆ ಮಾಡಿಲ್ಲ. ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಬೇರೇನು ಮರೆತರೂ ಇದನ್ನು ಮರೆಯಬಾರದು: ಅಡಿಗೆಮನೆಯ ಒಲೆಯ ಮೇಲೆ ಆ ಕಲ್ಲು ಹತ್ತಬಾರದು, ಕೈಗವಸು ಇಲ್ಲದೆ ಮುಟ್ಟಬಾರದು.

ಇನ್ನೊಂದು ದಾರಿ, ಐಪ್ಟೇಸಿಯಾವನ್ನು ತಿನ್ನುವವರನ್ನು ತರುವುದು. ಪೆಪ್ಪರ್‌ಮಿಂಟ್ ಸಿಗಡಿ ಅಂತ ಒಂದಿದೆ, ರಾತ್ರಿಹೊತ್ತು ಹೊರಗೆ ಬಂದು ಸಣ್ಣ ಐಪ್ಟೇಸಿಯಾಗಳನ್ನು ಕಿತ್ತು ತಿನ್ನುತ್ತದೆ. ಆದರೆ ಅದೇ ಹೆಸರಿನಲ್ಲಿ ಒಂಟೆ ಸಿಗಡಿ ಎಂಬ ಇನ್ನೊಂದು ಮಾರಾಟವಾಗುತ್ತದೆ, ಅದು ಜೋಆಂಥಿಡ್‌ಗಳನ್ನೇ ತಿಂದೀತು. ಅಸಲಿ ಸಿಗಡಿಯೂ ಹೊಟ್ಟೆ ತುಂಬಿದ್ದರೆ ಇವುಗಳ ಗೊಡವೆಗೆ ಹೋಗುವುದಿಲ್ಲ. ತಾಮ್ರಪಟ್ಟಿಯ ಉದ್ದ ಮೂತಿಯ ಚಿಟ್ಟೆಮೀನೊಂದು ಇವನ್ನು ಹೆಕ್ಕಿ ತಿನ್ನುತ್ತದೆ. ಅದಕ್ಕೆ ಇದರ ನಾಲ್ಕರಷ್ಟು ದೊಡ್ಡ ತೊಟ್ಟಿ ಬೇಕು, ಪಳಗಿದ ಕೈ ಬೇಕು. ಹೊಸಬರ ಮನೆಯಲ್ಲಿ ಬಂದ ವಾರಕ್ಕೇ ಉಪವಾಸ ಬಿದ್ದು ಸಾಯುವುದೇ ಹೆಚ್ಚು. ನನಗೆ ಇಷ್ಟವಾದದ್ದು ಬರ್ಘಿಯಾ ಎಂಬ ಕಡಲ ಗೊಂಡೆಹುಳು. ಉಗುರುದ್ದ ಇರುತ್ತದೆ, ಐಪ್ಟೇಸಿಯಾ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಕೊನೆಯ ಐಪ್ಟೇಸಿಯಾ ಮುಗಿದ ದಿನ ಅದರ ಊಟವೂ ಮುಗಿಯಿತು. ಆಗ ಅದನ್ನು ಐಪ್ಟೇಸಿಯಾ ಕಾಟವಿರುವ ಇನ್ನೊಬ್ಬರಿಗೆ ದಾಟಿಸಬೇಕು, ಇಲ್ಲದಿದ್ದರೆ ಹಸಿದು ಸಾಯುತ್ತದೆ.

ಇಂಥ ಹುಳುವಿನ ಕಥೆ ನಮ್ಮ ಸೀಮೆಗೂ ಹೊಸದಲ್ಲ ಎಂದು ಹುಡುಗನಿಗೆ ಹೇಳಿದೆ. ಪಾಪಾಸುಕಳ್ಳಿಯೂ ಹೊರಗಿನಿಂದ ಬಂದದ್ದು. ಹೊಲದ ಬೇಲಿಗೆ, ಊರಿನ ಬೇಲಿಗೆ ನೆಟ್ಟದ್ದು ನೆಲವನ್ನೇ ನುಂಗುತ್ತಿತ್ತು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ಕೆಂಪು ಬಣ್ಣ ತೆಗೆಯುವ ಆಸೆಗೆ ಬ್ರೆಜಿಲಿನಿಂದ ಕೊಚಿನೀಲ್ ಹುಳು ಬಂತು. ಒಳ್ಳೆಯ ಬಣ್ಣ ಕೊಡುವ ಜಾತಿ ಎಂದು ನಂಬಿದ್ದರು, ಬಂದದ್ದು ಬೇರೆ. ನೆನೆಸಿದಂಥ ಬಣ್ಣ ಸಿಗಲಿಲ್ಲ. ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನು ಕುಡಿದು ಒಣಗಿಸಿತು. ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮೂಸಿಯೂ ನೋಡಲಿಲ್ಲ, ಅದಕ್ಕಾಗಿ 1926ರಲ್ಲಿ ಶ್ರೀಲಂಕಾದಿಂದ ಬೇರೆಯದೇ ಹುಳು ತರಬೇಕಾಯಿತು. ಕಾಂಗ್ರೆಸ್ ಗಿಡಕ್ಕೆಂದು ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ತೂತುತೂತಾಗಿದ್ದರೆ ಅದರದೇ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಬರ್ಘಿಯಾದ ಬೆಲೆ ನೋಡುತ್ತಿದ್ದ. ಅದು ಕೊಟ್ಟೂರಿಗೆ ಜೀವಂತ ಬಂದು ಮುಟ್ಟುವುದು ಅಷ್ಟರಲ್ಲೇ ಇದೆ ಎಂದು ಮೊಬೈಲು ಕೆಳಗಿಟ್ಟ.

ಉಳಿದದ್ದು ಕಾಲ್ಕ್‌ವಾಸರ್. ಈ ಹೆಸರನ್ನು ಅವನು ಎಷ್ಟು ಗತ್ತಿನಿಂದ ಹೇಳಿದನೆಂದರೆ ಅದೇನೋ ಜರ್ಮನ್ ಔಷಧವೇ ಇರಬೇಕು ಅಂದುಕೊಂಡೆ. ಜರ್ಮನ್ ಹೌದು. ಅರ್ಥ ಕೇಳಿದರೆ ಸುಣ್ಣದ ನೀರು. ಅಜ್ಜಿ ಕುಟ್ಟಾಣಿ ನಿಲ್ಲಿಸಿ ಮೊಮ್ಮಗನನ್ನೇ ನೋಡಿದರು. "ಸುಣ್ಣದ ತಿಳಿಗೆ ಇಷ್ಟ್ ದೊಡ್ಡ ಹೆಸ್ರೇನಪ್ಪ?"

ವಿಧಾನ ಇದು. ಶುದ್ಧ ಸುಣ್ಣದ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಎಲೆಗೆ ಹಚ್ಚುವ ಪೇಟೆಯ ಸುಣ್ಣದಲ್ಲಿ ಬೇರೇನು ಬೆರೆಸಿರುತ್ತಾರೋ ಎಂದು ಅವನು ಲ್ಯಾಬಿನ ಪುಡಿಯನ್ನೇ ತರಿಸಿದ್ದ. ಕಲಸಿದ್ದನ್ನು ಸಿರಿಂಜಿಗೆ ತುಂಬಿ, ನೀರು ಓಡಿಸುವ ಪಂಪು ನಿಲ್ಲಿಸಬೇಕು. ಐಪ್ಟೇಸಿಯಾ ಬೆದರಿದರೆ ಕಲ್ಲಿನ ಸಂದಿಗೆ ಸರ್ರನೆ ಒಳಸೇದಿಕೊಳ್ಳುತ್ತದೆ, ಆಮೇಲೆ ಏನು ಸುರಿದರೂ ದಂಡ. ಹಾಗಾಗಿ ನೆರಳೂ ತಾಗದ ಹಾಗೆ ಸಿರಿಂಜಿನ ತುದಿಯನ್ನು ಮೆಲ್ಲಗೆ ಹತ್ತಿರ ತಂದು, ನಡುವೆ ಇರುವ ಬಾಯಿಯ ಮೇಲೆ ಒಂದು ತೊಟ್ಟು ಬಿಡಬೇಕು. ಊಟ ಬಂತೆಂದು ಅದು ತಾನೇ ನುಂಗುತ್ತದೆ. ಒಳಗಿನಿಂದ ಸುಡುತ್ತದೆ, ಪಾದದವರೆಗೂ. ಮೇಲಿನಿಂದ ಇನ್ನೊಂದಿಷ್ಟು ಸುಣ್ಣ ಹೊದಿಸಿ ಹದಿನೈದು ನಿಮಿಷ ಬಿಟ್ಟು ಪಂಪು ಹಾಕಬೇಕು. ಬುಡ ಅಗೆದು ಜಾಲಿ ತೆಗೆದ ಹಾಗೆ ಇದು. ನನ್ನ ಹೊಲದಲ್ಲೂ ಕೊನೆಗೆ ಆದದ್ದು ಅದೇ. ಮೋಟಿನ ಸುತ್ತ ಒಂದಡಿಗೂ ಹೆಚ್ಚು ಅಗೆಸಿ, ಬುಡವನ್ನು ಬೇರಿನ ತಲೆಯ ಸಮೇತ ಮೇಲೆತ್ತಿಸಿ ಬಿಸಿಲಿಗೆ ಒಗೆದ ಮೇಲೆಯೇ ಚಿಗುರು ನಿಂತದ್ದು. ದಿನಕ್ಕೆ ನಾಲ್ಕು ಬುಡಕ್ಕಿಂತ ಹೆಚ್ಚು ಆಳಿನ ಕೈಲಾಗುತ್ತಿರಲಿಲ್ಲ.

ಇಲ್ಲಿಯೂ ದಿನಕ್ಕೆ ಮೂರು ನಾಲ್ಕೇ. ಕೈಲಾಗದ್ದಕ್ಕಲ್ಲ. ಸುಣ್ಣ ನೀರಿನ ಕ್ಷಾರವನ್ನು ಏರಿಸುತ್ತದೆ. ಸಮುದ್ರದ ನೀರಿನ ಪಿಎಚ್ ಎಂಟರ ಮೇಲೆ ಸ್ವಲ್ಪ, 8.1ರಿಂದ 8.4ರ ನಡುವೆ ಇರಬೇಕು. ಹತ್ತೊಂಬತ್ತನ್ನೂ ಒಂದೇ ದಿನ ಮುಗಿಸುತ್ತೇನೆಂದು ಹೊರಟರೆ ಐಪ್ಟೇಸಿಯಾದ ಜೊತೆ ಮೀನೂ ಹೋಗುತ್ತದೆ. ಹುಡುಗನಿಗೆ ಇದು ಬಹಳ ಕಷ್ಟವಾಯಿತು. ಐದು ವಾರ ಖಾಲಿ ನೀರು ನೋಡುತ್ತ ಕಾದವನಿಗೆ, ಕಣ್ಣೆದುರು ಶತ್ರುವನ್ನಿಟ್ಟುಕೊಂಡು ನಾಳೆಯವರೆಗೆ ಕಾಯಲಾಗಲಿಲ್ಲ. ಎರಡನೇ ದಿನ ಎಂಟಕ್ಕೆ ಸುಣ್ಣ ಬಿಟ್ಟು, ಮೀನು ಮೇಲೆ ಬಂದು ಬಾಯಿ ಬಡಿಯುವುದನ್ನು ಕಂಡು, ಮಧ್ಯರಾತ್ರಿ ನೀರು ಬದಲಿಸಿದನಂತೆ. ಕನ್ನಡಕ ಹಾಕಿಕೊಂಡೇ ಮಾಡು ಎಂದು ಅಕ್ಕ ಗದರುತ್ತಿದ್ದಳು. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಮನೆ ಸುಣ್ಣ ಬಳಿಯುತ್ತಿದ್ದ ಕಾಲದವರಿಗೆ ಹೇಳಬೇಕಿಲ್ಲ.

ನಾನು ಗಮನಿಸಿದ್ದು ಇನ್ನೊಂದು. ಹುಡುಗ ದಿನಕ್ಕೆ ಮೂರು ಸಲ ಮೀನಿಗೆ ತಿನಿಸು ಹಾಕುತ್ತಿದ್ದ. ಎರಡೇ ಮೀನು! ಅವು ತಿಂದು ಉಳಿದ ಸಿಗಡಿಚೂರು ಕಲ್ಲಿನ ಮೇಲೆ ಇಳಿಯುವಾಗ ಐಪ್ಟೇಸಿಯಾಗಳು ಬೆರಳು ಚಾಚಿ ಹಿಡಿಯುತ್ತಿದ್ದವು. ಹಿಡಿಯದೆ ಉಳಿದದ್ದು ಕೊಳೆತು ನೈಟ್ರೇಟ್ ಆಗಿ, ಅವುಗಳ ಒಡಲಲ್ಲೇ ವಾಸವಿರುವ ಪಾಚಿಗೆ ಗೊಬ್ಬರವಾಗುತ್ತಿತ್ತು. ಹೌದು, ಅದರ ಮೈಯೊಳಗೆ ಪಾಚಿಯ ಸಂಸಾರವಿದೆ. ಬೆಳಕಿನಿಂದ ಸಕ್ಕರೆ ಮಾಡಿ ಪಾಚಿ ಮನೆಯೊಡೆಯನಿಗೆ ಬಾಡಿಗೆ ಕೊಡುತ್ತದೆ. ಬೆಳಕಿದ್ದರೂ ಸೈ, ಊಟವಿದ್ದರೂ ಸೈ. "ಮೀನಿಗೆ ಹಾಕ್ತಿದ್ದೀಯೋ, ಇವಕ್ಕೆ ಹಾಕ್ತಿದ್ದೀಯೋ?" ಎಂದೆ. "ಪಾಪ, ಬಾಯಿ ಬಿಟ್ಕೊಂಡ್ ಬರ್ತಾವೆ ಮಾಮ" ಎಂದ. ಈಗ ದಿನಕ್ಕೆ ಒಂದೇ ಹೊತ್ತು. ನನ್ನ ಮಾತಿಗಲ್ಲ, ಅಜ್ಜಿ ತಿನಿಸಿನ ಡಬ್ಬಿಯನ್ನು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡದ್ದಕ್ಕೆ.

ಇದರ ನಡುವೆ ಹುಡುಗ ಒಂದು ವಿಚಿತ್ರ ಹೇಳಿದ. ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಇದೇ ಐಪ್ಟೇಸಿಯಾವನ್ನು ಜೋಪಾನವಾಗಿ ಸಾಕುತ್ತಾರೆ. ಸಮುದ್ರ ಕಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಸಾಯುವುದೂ ಉಂಟು. ಯಾಕೆ ಹೊರಹಾಕುತ್ತದೆ ಎಂದು ತಿಳಿಯಬೇಕು. ಹವಳವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ನಿಧಾನ, ಬಲು ಕಷ್ಟ. ಅದೇ ಪಾಚಿ ಸಂಸಾರ ನಡೆಸುವ ಐಪ್ಟೇಸಿಯಾ ಹೇಗೆ ಇಟ್ಟರೂ ಬೆಳೆಯುತ್ತದೆ, ಸಾಯಿಸಿದರೂ ಸಾಯುವುದಿಲ್ಲ. ಹಾಗಾಗಿ ಹವಳದ ಬದಲು ಇದನ್ನು ಕೇಳುತ್ತಾರೆ. 2015ರಲ್ಲಿ ಇದರ ವಂಶವಾಹಿಯನ್ನು ಪೂರ್ತಿ ಓದಿ ಪ್ರಕಟಿಸಿದ್ದಾರೆ. ನಮ್ಮನ್ನು ಕಾಡುವ ಗುಣವೇ ಅವರಿಗೆ ಬೇಕಾದ ಗುಣ. ಜಾಲಿಯ ಮೇಲೂ ನನಗೆ ಪೂರಾ ಸಿಟ್ಟು ಮಾಡಲಾಗುವುದಿಲ್ಲ. ಬರದ ವರ್ಷಗಳಲ್ಲಿ ಕೂಲಿ ಇಲ್ಲದೆ ಕೂತವರು ಜಾಲಿ ಕಡಿದು ಇದ್ದಿಲು ಸುಟ್ಟು ಒಲೆ ಹಚ್ಚಿದ್ದನ್ನು ನೋಡಿದ್ದೇನೆ. ಆದರೆ ಕೆರೆಯಂಗಳದಲ್ಲಿ ಜಾಲಿ ಅಂದಕೂಡಲೇ ಎಲ್ಲಕ್ಕೂ ಕೊಡಲಿ ಎತ್ತುವವರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಒಮ್ಮೆ ಹೋಗಿಬನ್ನಿ ಅನ್ನುತ್ತೇನೆ. ಅಲ್ಲಿ ಕೆರೆಯ ನೀರಿನಲ್ಲಿ ನಿಂತಿರುವುದು ನಮ್ಮದೇ ಕರಿಜಾಲಿ. ಅದರ ಮುಳ್ಳುಕೊಂಬೆಗಳ ಮೇಲೆ ಸಾವಿರಾರು ಹಕ್ಕಿಗಳ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರ ಜನವರಿಯಲ್ಲಿ ಜೌಗು ನೆಲಗಳ ಜಾಗತಿಕ ಪಟ್ಟಿಯಾದ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಎರಡಕ್ಕೂ ಮುಳ್ಳಿದೆ, ಎರಡನ್ನೂ ಜಾಲಿ ಅನ್ನುತ್ತೇವೆ. ಜೆಸಿಬಿ ಓಡಿಸುವ ಹುಡುಗನಿಗೆ ವ್ಯತ್ಯಾಸ ಯಾರಾದರೂ ತೋರಿಸಿಕೊಡಬೇಕು.

ಮೂರು ವಾರದಲ್ಲಿ ಹತ್ತೊಂಬತ್ತು ಎರಡಕ್ಕಿಳಿಯಿತು. ಜೋಆಂಥಿಡ್‌ಗಳು ಮತ್ತೆ ಅರಳಿದವು. ಸುಣ್ಣದ ಡಬ್ಬಿಯ ಪ್ರಕರಣ ಮಾತ್ರ ಮುಗಿಯಲಿಲ್ಲ. ಲ್ಯಾಬಿನ ಪುಡಿಯ ಪೊಟ್ಟಣ ತೋರಿಸಿದರೂ ಅಜ್ಜಿ ನಂಬಲಿಲ್ಲ. ಹುಡುಗ ಹೊಸ ಡಬ್ಬಿ ತಂದುಕೊಟ್ಟ. ಅದರ ಮುಚ್ಚಳ ಬಿಗಿ, ಹಳೆಯದೇ ಬೇಕು ಎಂದರು.

ಮೊನ್ನೆ ತೊಳೆಯಲು ಹಾಕುವ ಮುಂಚೆ ಜುಬ್ಬದ ಜೇಬು ತಡಕುತ್ತಿದ್ದ ನನ್ನ ಹೆಂಡತಿ ಹಿತ್ತಾಳೆಯ ಸಣ್ಣ ಡಬ್ಬಿಯೊಂದನ್ನು ಹೊರತೆಗೆದು ನನ್ನ ಮುಂದೆ ಹಿಡಿದಳು. ಹೋದ ತಿಂಗಳು ಅಕ್ಕನ ಮನೆಯಲ್ಲಿ ಊಟ ಮಾಡಿ, ಎಲೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ.

ಮರುದಿನವೇ ಕೊಟ್ಟೂರಿಗೆ ಹೋಗಿ ಡಬ್ಬಿ ಒಪ್ಪಿಸಿದೆ. ಮುದುಕಿ ಮುಚ್ಚಳ ತೆಗೆದು, ಬೆರಳಲ್ಲಿ ಒಂದಿಷ್ಟು ತೆಗೆದು ಎಲೆಗೆ ಸವರಿ, ನನ್ನನ್ನೂ ನೋಡದೆ ಮೊಮ್ಮಗನನ್ನೂ ನೋಡದೆ ಮಡಚಿ ಬಾಯಿಗಿಟ್ಟುಕೊಂಡರು. ಹುಡುಗ ತೊಟ್ಟಿಯ ಹಿಂದುಗಡೆಯಿಂದ ಕರೆದ. "ಮಾಮ, ಬಾ ಇಲ್ಲಿ. ಪಂಪಿನ ಪೈಪಿನೊಳಗೆ ಎರಡು ಕೂತಾವೆ ನೋಡು."